ಏಕಾದಶಿಯಂದು ತಿನ್ನದ ಕೊಡುಬಳೆ

2023ರ ಫೆಬ್ರವರಿಯಲ್ಲಿ ನಾನು ಆಹಾರ ಸುರಕ್ಷತಾ ಅಧಿಕಾರಿಯಾಗಿದ್ದೆ. ಚಾಮರಾಜಪೇಟೆ, ಶಂಕರಪುರಂ, ಬಸವನಗುಡಿ ನನ್ನ ವ್ಯಾಪ್ತಿ. ನಿವೃತ್ತಿಗೆ ಆರು ತಿಂಗಳು ಬಾಕಿ ಇತ್ತು. ಜನ ನಮ್ಮನ್ನು ಇಂದಿಗೂ ಫುಡ್ ಇನ್ಸ್‌ಪೆಕ್ಟರ್ ಎಂದೇ ಕರೆಯುತ್ತಾರೆ. ಹೋಟೆಲು, ಬೇಕರಿ, ಮದುವೆ ಛತ್ರಗಳ ಅಡುಗೆಮನೆ ನೋಡುವುದು, ಸ್ಯಾಂಪಲ್ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು, ತಪ್ಪಿದ್ದರೆ ನೋಟಿಸ್ ಕೊಡುವುದು ನಮ್ಮ ಕೆಲಸ. ಇಪ್ಪತ್ತೊಂಬತ್ತು ವರ್ಷ ಕೊಳಕು ಹುಡುಕಿಯೇ ಸಂಬಳ ತೆಗೆದುಕೊಂಡವಳು ನಾನು. ಹಾಗಾಗಿ ನಮ್ಮ ದೇಶದಲ್ಲಿ ಕೊಳಕೇ ಇಲ್ಲವೆಂದು ಎದೆ ತಟ್ಟಿಕೊಳ್ಳುವವರ ಪೈಕಿ ನಾನಲ್ಲ. ಜಿರಳೆ ಓಡಾಡುವ ಹಿಟ್ಟಿನ ಡಬ್ಬ, ವಾರಗಟ್ಟಲೆ ಬದಲಿಸದ ಕರಿದ ಎಣ್ಣೆ, ಎಲ್ಲ ನೋಡಿದ್ದೇನೆ, ಬಾಗಿಲು ಹಾಕಿಸಿದ್ದೇನೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ಹೇಳಲಿರುವುದು ನಾನು ಕಂಡ ಅತ್ಯಂತ ಚೊಕ್ಕಟವಾದ ಅಡುಗೆಮನೆಯೊಂದು ಬಾಗಿಲು ಹಾಕಿದ ಕಥೆ, ಮತ್ತು ಅದರಲ್ಲಿ ನನ್ನ ಕೈಯೂ ಇದೆ.

ಶಂಕರಪುರಂನ ಒಂದು ಅಡ್ಡರಸ್ತೆಯಲ್ಲಿ ಸಾವಿತ್ರಮ್ಮನವರ ಕಾಂಡಿಮೆಂಟ್ಸ್ ಅಂಗಡಿ ಇತ್ತು. ಮುಂದೆ ಗಾಜಿನ ಬೀರು, ಹಿಂದೆ ಅಡುಗೆಮನೆ, ಮೇಲೆ ಮನೆ. ಚಕ್ಕುಲಿ, ಕೊಡುಬಳೆ, ತೇಂಗೊಳಲು, ಹಪ್ಪಳ, ಸಂಡಿಗೆ. ಐದು ಜನ ಹೆಂಗಸರು ಕೆಲಸಕ್ಕಿದ್ದರು, ಎಲ್ಲರೂ ಹತ್ತು ವರ್ಷಕ್ಕಿಂತ ಹಳಬರು. ಸಾವಿತ್ರಮ್ಮನವರಿಗೆ ಅರವತ್ತು ದಾಟಿತ್ತು. ಅವರ ಮಡಿ ಸುತ್ತಲಿನ ನಾಲ್ಕು ಬೀದಿಗೆ ಗೊತ್ತಿದ್ದದ್ದು. ಬೆಳಿಗ್ಗೆ ಬಂದವರು ಮೊದಲು ಸ್ನಾನ ಮಾಡಬೇಕು, ಅಂಗಡಿಯಲ್ಲೇ ಇಟ್ಟಿದ್ದ ಒಗೆದ ಸೀರೆ ಉಡಬೇಕು, ಆಮೇಲೆ ಹಿಟ್ಟು ಮುಟ್ಟಬೇಕು. ಅಡುಗೆಮನೆಯ ಹೊಸ್ತಿಲ ಪಕ್ಕ ಒಂದು ನಲ್ಲಿ. ಯಾರೇ ಆಗಲಿ ಅಲ್ಲಿ ಕಾಲು ತೊಳೆದು, ಒರೆಸಿಕೊಂಡೇ ಒಳಗೆ ಬರಬೇಕು. ನಾನು ಮೊದಲ ಸಲ ತಪಾಸಣೆಗೆ ಹೋದಾಗ ಸರ್ಕಾರದ ಗುರುತಿನ ಚೀಟಿ ತೋರಿಸಿದ್ದೆ. ಅವರು ಅದನ್ನು ಓದಿ, ಮರ್ಯಾದೆಯಿಂದ ವಾಪಸು ಕೊಟ್ಟು, ನಲ್ಲಿಯ ಕಡೆ ಕೈ ತೋರಿಸಿದ್ದರು.

ಆ ಫೆಬ್ರವರಿಯ ಒಂದು ಏಕಾದಶಿಯ ಬೆಳಿಗ್ಗೆ ವಿದೇಶದ ಯುವಕನೊಬ್ಬ ಕ್ಯಾಮೆರಾ ಹಿಡಿದು ಅಂಗಡಿಗೆ ಬಂದ. ಊರೂರು ತಿರುಗಿ ತಿಂಡಿ ತಿಂದು ವಿಡಿಯೋ ಹಾಕುವುದೇ ಅವನ ಉದ್ಯೋಗ. ನಡೆದದ್ದನ್ನು ನನಗೆ ಆಮೇಲೆ ಹೇಳಿದ್ದು ಸಾವಿತ್ರಮ್ಮ ಮತ್ತು ಕೆಲಸದ ಹೆಂಗಸರು, ಒಬ್ಬೊಬ್ಬರೂ ಬೇರೆ ಬೇರೆಯಾಗಿ. ಹುಡುಗ ನಗುನಗುತ್ತಾ ಮಾತಾಡಿದ. ದೂರದಿಂದ ಬಂದವನೆಂದು ಇವರು ಒಳಗೆ ಕರೆದರು. ಹೇಳಿದ ಹಾಗೆ ಕಾಲು ತೊಳೆದುಕೊಂಡ. ಹೆಂಗಸರು ಹಿಟ್ಟು ಕಲಸುವುದು, ಬೆರಳಲ್ಲಿ ಬಳೆ ಸುತ್ತುವುದು, ಕರಿಯುವುದು ಎಲ್ಲ ತೋರಿಸಿದರು. ಬಿಸಿ ಕೊಡುಬಳೆ ಕೊಟ್ಟರು. ಅವನು ಒಂದಾದ ಮೇಲೆ ಒಂದು ಮೂರು ತಿಂದ. ಆಮೇಲೆ ಒಂದನ್ನು ಸಾವಿತ್ರಮ್ಮನವರ ಮುಂದೆ ಹಿಡಿದು, ನೀವೂ ತಿನ್ನಿ ಎಂದು ಸನ್ನೆ ಮಾಡಿದ. ವ್ಯಾಪಾರಕ್ಕೆ ಏಕಾದಶಿ ಇರಲಿಲ್ಲ, ಅವರ ಹೊಟ್ಟೆಗೆ ಇತ್ತು. ಕೈ ಅಡ್ಡ ಹಿಡಿದು ತಲೆ ಅಲ್ಲಾಡಿಸಿ, ಇವತ್ತು ಏಕಾದಶಿ ಕಣಪ್ಪಾ, ನಾನು ನೀರೂ ಮುಟ್ಟಲ್ಲ ಎಂದು ಕನ್ನಡದಲ್ಲೇ ಹೇಳಿದರು. ಅವನು ಮತ್ತೆರಡು ಸಲ ಕೇಳಿದ. ಇವರು ಎರಡು ಸಲವೂ ನಕ್ಕು ಬೇಡವೆಂದರು.

ಹತ್ತು ದಿನದ ನಂತರ ವಿಡಿಯೋ ಬಂತು. ಭಾರತದ ಅತಿ ಕೊಳಕು ಅಡುಗೆಮನೆಗೆ ಹೋಗಿ ಬಂದೆ ಎಂಬ ಅರ್ಥದ ಶೀರ್ಷಿಕೆ. ನಾನದನ್ನು ಕಚೇರಿಯಲ್ಲಿ ಕೂತು ನೋಡಿದೆ. ಮೊದಲಿಗೆ ಕಪ್ಪು ನೀರು ಹರಿಯುವ ಒಂದು ದೊಡ್ಡ ಮೋರಿ, ಅದರ ಅಂಚಿನಲ್ಲಿ ಹೆಗ್ಗಣ. ಆ ಬೀದಿಯಲ್ಲಾಗಲಿ ಪಕ್ಕದ ಬೀದಿಯಲ್ಲಾಗಲಿ ಅಂಥ ಮೋರಿ ಇಲ್ಲ, ಅದನ್ನು ಎಲ್ಲಿಂದಲೋ ತಂದು ಅಂಟಿಸಿದ್ದ. ಅದರ ಹಿಂದೆಯೇ ಅಡುಗೆಮನೆ ಬಾಗಿಲಲ್ಲಿ ಯಾರದೋ ಕಾಲಿನಿಂದ ನೀರು ಹರಿಯುವುದು. ಆ ಕಾಲು ಅವನದೇ. ಆಮೇಲೆ ಹಿಟ್ಟಿನೊಳಗೆ ಮೊಣಕೈ ತನಕ ಇಳಿದ ಬರಿಗೈ. ಕೊನೆಗೆ ಸಾವಿತ್ರಮ್ಮ ಕೈ ಅಡ್ಡ ಹಿಡಿದು ತಲೆ ಅಲ್ಲಾಡಿಸುವುದು, ನಿಧಾನ ಮಾಡಿ, ಮೂರು ಸಲ. ಮಾತು ತೆಗೆದು ಸಂಗೀತ ಹಾಕಿದ್ದ. ಕೆಳಗೆ ಬರಹ: ಮಾಡಿದವಳೇ ಇದನ್ನು ತಿನ್ನುವುದಿಲ್ಲ. ಅವನು ಮೂರು ತಿಂದದ್ದು ಎಲ್ಲೂ ಇರಲಿಲ್ಲ.

ಲಕ್ಷಗಟ್ಟಲೆ ಜನ ನೋಡಿದರು. ಈ ದೇಶಕ್ಕೆ ಯಾವತ್ತೂ ಕಾಲಿಡುವುದಿಲ್ಲ ಎಂದು ಎಲ್ಲೆಲ್ಲಿಯವರೋ ಬರೆದರು. ಅದು ಹಾಳಾಗಲಿ, ಗುರುತಿಲ್ಲದವರ ಮಾತು. ಸಂಕಟವಾದದ್ದು ನಮ್ಮವರದು ನೋಡಿ. ಅದೇ ಅಂಗಡಿಯ ಸಂಡಿಗೆ ತಿಂದು ಬೆಳೆದವರು ವಿಡಿಯೋವನ್ನು ಒಬ್ಬರಿಗೊಬ್ಬರು ಕಳಿಸಿ, ನಂಗೆ ಮೊದಲೇ ಡೌಟ್ ಇತ್ತು ಎಂದು ಬರೆದರು. ಸಾವಿತ್ರಮ್ಮನವರ ಅಣ್ಣನ ಮಗಳು ಮೇಧಾ, ಕಾಲೇಜಿನಲ್ಲಿ ಪಾಠ ಹೇಳುವವಳು, ಒಂದೊಂದು ಕಮೆಂಟಿಗೂ ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತಾ ಕೂತಳು. ಏಕಾದಶಿ ಎಂದರೇನೆಂದು ವಿವರಿಸಿದಳು. ಅವಳಿಗೆ ಬಂದ ಉತ್ತರಗಳನ್ನು ನನಗೆ ತೋರಿಸಿದಳು. ಅವನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ದೂರು ಬಂತು, ಮೇಲಿನಿಂದ ಫೋನ್ ಬಂತು, ನಾನು ತಪಾಸಣೆಗೆ ಹೋದೆ. ಬಾಗಿಲಲ್ಲಿ ಆಗಲೇ ಇಪ್ಪತ್ತು ಜನ ಮೊಬೈಲ್ ಎತ್ತಿ ನಿಂತಿದ್ದರು. ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋದೆ. ಎರಡು ಗಂಟೆ ಹುಡುಕಿದೆ. ಡಬ್ಬಗಳ ತಳ, ಒಲೆಯ ಹಿಂಭಾಗ, ನೀರಿನ ತೊಟ್ಟಿ, ಎಣ್ಣೆ. ಏನೂ ಸಿಗಲಿಲ್ಲ. ಕೊಡುಬಳೆಯ ಸ್ಯಾಂಪಲ್ ತೆಗೆದೆ. ಕಾನೂನಿನ ಪ್ರಕಾರ ಅದನ್ನು ನಾಲ್ಕು ಭಾಗ ಮಾಡಿ ಸೀಲ್ ಮಾಡಬೇಕು. ಒಂದು ಭಾಗ ಫುಡ್ ಅನಲಿಸ್ಟ್ ಎಂಬ ಪ್ರಯೋಗಾಲಯದ ಪರೀಕ್ಷಕರಿಗೆ ಹೋಗುತ್ತದೆ, ಅವರು ಹದಿನಾಲ್ಕು ದಿನದೊಳಗೆ ವರದಿ ಕೊಡಬೇಕು. ಇಷ್ಟಾದ ಮೇಲೆ ಮುಂದಿನ ಬೀರಿನ ಹತ್ತಿರ ನಿಂತು ಕಾಗದ ಬರೆಯುತ್ತಿದ್ದಾಗ ಸಾವಿತ್ರಮ್ಮ ತಟ್ಟೆಯಲ್ಲಿ ನಾಲ್ಕು ಕೊಡುಬಳೆ, ಒಂದು ಲೋಟ ಕಾಫಿ ತಂದು ಹಿಡಿದರು. ತಪಾಸಣೆಗೆ ಹೋದ ಕಡೆ ಒಂದು ತೊಟ್ಟು ನೀರೂ ಕುಡಿಯಬಾರದೆಂಬುದು ನಾನು ಸೇವೆಗೆ ಸೇರಿದಂದಿನಿಂದ ಪಾಲಿಸಿದ ನಿಯಮ. ಏನೂ ಹೇಳದೆ ಕೈ ಅಡ್ಡ ಹಿಡಿದು ತಲೆ ಅಲ್ಲಾಡಿಸಿದೆ. ಅವರು ತಟ್ಟೆಯನ್ನು ಬೀರಿನ ಮೇಲೆ ಇಟ್ಟರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಗಲಾಟೆಯಾದ ಜಾಗಕ್ಕೆ ಹೋಗಿ ಎಲ್ಲ ಸರಿಯಾಗಿದೆ ಎಂದು ಬರೆದರೆ ಇನ್ಸ್‌ಪೆಕ್ಟರ್ ಲಂಚ ತಿಂದಿದ್ದಾಳೆ ಎನ್ನುತ್ತಾರೆ. ಆದ್ದರಿಂದ ಎಷ್ಟೇ ಚೆನ್ನಾಗಿದ್ದರೂ ಒಂದೆರಡು ಪಾಯಿಂಟ್ ಬರೆಯುವುದು ನನಗೆ ಅಭ್ಯಾಸವಾಗಿತ್ತು. ಹೆಂಗಸರು ತಲೆಗೆ ಟೋಪಿ, ಕೈಗೆ ಗ್ಲೌಸ್ ಹಾಕಿಲ್ಲ ಎಂದು ಬರೆದೆ. ಒಂದು ಕಿಟಕಿಯ ಸೊಳ್ಳೆ ಪರದೆ ಮೂಲೆಯಲ್ಲಿ ಹರಿದಿದೆ ಎಂದು ಬರೆದೆ. ಅದರ ಮೇಲೆ ಇಂಪ್ರೂವ್‌ಮೆಂಟ್ ನೋಟಿಸ್ ಹೊರಟಿತು. ಅದು ದಂಡವಲ್ಲ, ಶಿಕ್ಷೆಯೂ ಅಲ್ಲ, ಇಷ್ಟು ದಿನದೊಳಗೆ ಸರಿಪಡಿಸಿ ಎಂಬ ಸೂಚನೆ ಅಷ್ಟೆ. ಸರಿಪಡಿಸಿದ ಮೇಲೆ ಸರಿಯಿದೆ ಎಂದು ಬರೆದುಕೊಡಬಹುದು, ಆ ಕಾಗದ ಅವರಿಗೆ ರಕ್ಷಣೆಯಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ನೋಟಿಸನ್ನು ನಾನೇ ಒಯ್ದು ಕೊಟ್ಟೆ.

"ಬರೀ ಫಾರ್ಮಾಲಿಟಿ ಸಾವಿತ್ರಮ್ಮ. ಪರದೆ ಹಾಕ್ಸಿ, ಟೋಪಿ ಗ್ಲೌಸ್ ತರಿಸಿ. ಆಮೇಲೆ ಕ್ಲೀನ್ ಅಂತ ನಾನೇ ಬರ್ಕೊಡ್ತೀನಿ," ಎಂದೆ.

ಅವರ ಅಂಗಡಿಯ ಗೋಡೆಯಲ್ಲಿ ಲೈಸೆನ್ಸ್ ಇತ್ತು, ನೀರಿನ ಪರೀಕ್ಷೆಯ ವರದಿ ಇತ್ತು. ಸರ್ಕಾರದಿಂದ ಬಂದ ಯಾವ ಕಾಗದವನ್ನೂ ಅವರು ಮುಚ್ಚಿಟ್ಟವರಲ್ಲ.

"ಇದನ್ನೂ ಹಾಕ್ಬೇಕಾ ಮೇಡಂ?" ಎಂದು ಕೇಳಿದರು.

ನಾನು ಸಹಿ ಹಾಕಿಸಿಕೊಳ್ಳುವ ಅವಸರದಲ್ಲಿದ್ದೆ. "ಹಾಕಿ, ತಪ್ಪೇನಿಲ್ಲ," ಎಂದುಬಿಟ್ಟೆ.

ಅವರು ಅದನ್ನು ಗಾಜಿನ ಬೀರಿನ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ ಅಂಟಿಸಿದರು. ಮರುದಿನವೇ ಯಾರೋ ಫೋಟೋ ತೆಗೆದು ಆ ಹುಡುಗನಿಗೆ ಕಳಿಸಿದರು. ನಮ್ಮೂರಿನವರೇ. ಅವನು ಎರಡನೆಯ ವಿಡಿಯೋ ಮಾಡಿದ. ಭಾರತ ಸರ್ಕಾರವೇ ಒಪ್ಪಿಕೊಂಡಿದೆ ಎಂದು ಅದರ ತಾತ್ಪರ್ಯ. ನೋಟಿಸಿನ ಮೊದಲ ಸಾಲು ಮತ್ತು ಸರ್ಕಾರಿ ಮೊಹರು ದೊಡ್ಡದಾಗಿ ಕಾಣುತ್ತಿದ್ದವು, ಸೊಳ್ಳೆ ಪರದೆಯ ಸಾಲು ಕಾಣುತ್ತಿರಲಿಲ್ಲ. ಕೊನೆಯಲ್ಲಿ ಬಾಗಿಲಲ್ಲಿ ನಿಂತವರಲ್ಲಿ ಯಾರೋ ತೆಗೆದ ತುಣುಕು: ತಟ್ಟೆಯ ಮುಂದೆ ನಾನು ಕೈ ಅಡ್ಡ ಹಿಡಿದು ತಲೆ ಅಲ್ಲಾಡಿಸುವುದು. ಅದರ ಪಕ್ಕದಲ್ಲೇ ಸಾವಿತ್ರಮ್ಮ ತಲೆ ಅಲ್ಲಾಡಿಸುವುದು. ಅಧಿಕಾರಿಯೂ ತಿನ್ನಲಿಲ್ಲ ಎಂದು ಬರೆದಿದ್ದ. ಮೊದಲನೆಯದಕ್ಕಿಂತ ಇದನ್ನು ಹೆಚ್ಚು ಜನ ನೋಡಿದರು.

ಹದಿಮೂರನೆಯ ದಿನ ಪ್ರಯೋಗಾಲಯದ ವರದಿ ಬಂತು. ಯಾವ ದೋಷವೂ ಇಲ್ಲ. ಪರದೆ ಹಾಕಿಸಿದ್ದರು, ಟೋಪಿ ಗ್ಲೌಸ್ ತರಿಸಿದ್ದರು. ನಾನು ಮಾತು ಕೊಟ್ಟ ಹಾಗೆ ಪತ್ರ ಬರೆದುಕೊಟ್ಟೆ, ಅದೂ ಬೀರಿನ ಮೇಲೆ ಬಂತು. ಅದರ ಫೋಟೋವನ್ನು ಯಾರೂ ತೆಗೆಯಲಿಲ್ಲ. ಮೊದಲು ನೋಟಿಸನ್ನು ದೊಡ್ಡದಾಗಿ ತೋರಿಸಿದ ಟಿವಿಯವರಿಗೆ ಮೇಧಾ ಫೋನ್ ಮಾಡಿದಳು, ಅದು ಹಳೇ ಸುದ್ದಿ ಎಂದರಂತೆ. ನಾನು ಇಲಾಖೆಯ ನಿಯಮ ಬದಿಗಿಟ್ಟು ನನ್ನ ಸ್ವಂತ ಹೆಸರಿನಲ್ಲಿ ಆ ಹುಡುಗನಿಗೆ ಈಮೇಲ್ ಬರೆದೆ. ವರದಿ ಲಗತ್ತಿಸಿದೆ, ಏಕಾದಶಿಯ ವಿಷಯ ಬರೆದೆ, ನಾನು ಯಾಕೆ ತಿನ್ನಲಿಲ್ಲವೆಂದೂ ಬರೆದೆ. ಅವನು ಉತ್ತರಿಸಿದ, ಬಹಳ ಸೌಜನ್ಯದಿಂದ. ತನ್ನ ವಿಡಿಯೋದಿಂದ ಅಲ್ಲಿ ಸ್ವಚ್ಛತೆ ಸುಧಾರಿಸಿದ್ದು ಕೇಳಿ ಸಂತೋಷವಾಯಿತು, ನಿಮ್ಮ ದೇಶಕ್ಕೆ ಇನ್ನಷ್ಟು ಒಳ್ಳೆಯದಾಗಲಿ ಎಂದಿದ್ದ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ಮುಗಿಯುವುದರೊಳಗೆ ಮದುವೆ, ಸೀಮಂತಗಳ ಆರ್ಡರುಗಳು ಒಂದೊಂದೇ ವಾಪಸಾದವು. ಮೂರು ತಲೆಮಾರಿನಿಂದ ಅಲ್ಲೇ ಚಕ್ಕುಲಿ ಮಾಡಿಸುತ್ತಿದ್ದ ಮನೆಯವರು, ನಮಗೇನೂ ಇಲ್ಲ, ಬೀಗರು ಒಪ್ಪುತ್ತಿಲ್ಲ ಎಂದರು. ಮೇ ತಿಂಗಳಲ್ಲಿ ಇಬ್ಬರು ಹೆಂಗಸರನ್ನು ಕೆಲಸದಿಂದ ಬಿಡಿಸಬೇಕಾಯಿತು. ಅವರಲ್ಲೊಬ್ಬಳು ಬೇರೊಂದು ತಿಂಡಿ ಅಂಗಡಿಗೆ ಹೋಗಿ ಕೆಲಸ ಕೇಳಿದಳು. ಮೊದಲು ಎಲ್ಲಿದ್ದೆ ಎಂದು ಕೇಳಿ, ಹೇಳಿದ ಕೂಡಲೇ ಬೇಡವೆಂದರು. ಜುಲೈನಲ್ಲಿ ಅಂಗಡಿ ಮುಚ್ಚಿತು.

ಆಗಸ್ಟ್ ಕೊನೆಗೆ ನಾನು ನಿವೃತ್ತಳಾದೆ. ಮರುವಾರ ಶಂಕರಪುರಕ್ಕೆ ಹೋದೆ. ಇನ್ನು ನನಗೆ ಯಾವ ನಿಯಮವೂ ಇರಲಿಲ್ಲ, ಅವರು ಏನು ಕೊಟ್ಟರೂ ತಿನ್ನಬಹುದಿತ್ತು. ಶಟರ್ ಎಳೆದಿತ್ತು. ಹೊಸ್ತಿಲ ಪಕ್ಕದ ನಲ್ಲಿ ಒಣಗಿತ್ತು. ಮೇಲಿನ ಮನೆಯಲ್ಲಿ ಸಾವಿತ್ರಮ್ಮ ಕೂರಿಸಿ ಕಾಫಿ ಕೊಟ್ಟರು, ಅದರ ಜೊತೆ ತಟ್ಟೆಯಲ್ಲಿ ಅಂಗಡಿ ಬಿಸ್ಕೆಟ್. ನಾನು ನಾಚಿಕೆ ಬಿಟ್ಟು ಕೊಡುಬಳೆ ಇದೆಯಾ ಎಂದು ಕೇಳಿದೆ. ಈಗ ಹಿಟ್ಟಿಗೆ ಕೈ ಹಾಕಲು ಮನಸ್ಸು ಬರುವುದಿಲ್ಲ, ಹಾಕಿದರೆ ಆ ಕೈ ವಿಡಿಯೋದಲ್ಲಿ ಕಂಡ ಹಾಗೆಯೇ ಕಾಣುತ್ತದೆ ಎಂದರು. ನಾನು ಒಂದು ಬಿಸ್ಕೆಟ್ ತೆಗೆದುಕೊಂಡೆ.

"ಆ ಹುಡುಗ ಮೂರು ತಿಂದ ಮೇಡಂ. ನೀವು ಒಂದೂ ತಿನ್ನಲಿಲ್ಲ," ಎಂದರು.

ಕೋಪದಿಂದ ಹೇಳಿದ್ದಲ್ಲ. ನಾನು ನಿಯಮದ ವಿಷಯ ಹೇಳಿದೆ, ಇಪ್ಪತ್ತೊಂಬತ್ತು ವರ್ಷ ಯಾರ ಅಂಗಡಿಯಲ್ಲೂ ನೀರು ಕೂಡ ಕುಡಿದಿಲ್ಲವೆಂದೆ. ಅವರು ಪೂರ್ತಿ ಕೇಳಿಸಿಕೊಂಡರು. ವ್ರತವೆಂದರೇನೆಂದು ಅವರಿಗೆ ವಿವರಿಸಬೇಕಾಗಿರಲಿಲ್ಲ.

"ಅವತ್ತೇ ಅಷ್ಟು ಹೇಳಿದ್ರೆ ಆಗ್ತಿತ್ತಲ್ಲ. ಬಾಗಿಲಲ್ಲಿ ಅಷ್ಟು ಜನ ನಿಂತಿದ್ರು," ಎಂದರು.

ಹೊರಗಿನವರು ನಮ್ಮನ್ನು ತಪ್ಪಾಗಿ ತೋರಿಸುತ್ತಾರೆಂದು ನಾನು ಈಗಲೂ ಸಿಟ್ಟಾಗುತ್ತೇನೆ. ಆದರೆ ಆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ. ಕೆಲಸ ನನಗೆ ಆಹಾರದಲ್ಲಿ ಏನಿದೆ ಎಂದು ಅಳೆಯುವುದನ್ನು ಕಲಿಸಿತು. ನಾವು ಮಾಡುವುದನ್ನು ಯಾಕೆ ಮಾಡುತ್ತೇವೆಂದು ಬಾಯಿ ಬಿಟ್ಟು ಹೇಳುವುದೂ ಕೆಲಸದ ಭಾಗವೆಂದು ತಿಳಿಯುವಾಗ ನಿವೃತ್ತಿಯಾಗಿತ್ತು. ಸಾವಿತ್ರಮ್ಮ ಆ ಹುಡುಗನಿಗೆ ಕಾರಣ ಹೇಳಿದ್ದರು, ಅವರ ಮಾತನ್ನು ಅವನು ಕತ್ತರಿಸಿ ಹಾಕಿದ. ನನ್ನ ವಿಷಯದಲ್ಲಿ ಕತ್ತರಿಸಲು ಅವನಿಗೆ ಏನೂ ಸಿಗಲಿಲ್ಲ. ಆ ಎರಡನೆಯ ವಿಡಿಯೋ ಇನ್ನೂ ಇದೆ, ಆಗಾಗ ತೆರೆದು ನೋಡುತ್ತೇನೆ. ಅದರಲ್ಲಿ ನನ್ನದೊಂದೇ ತುಣುಕು ಎಲ್ಲೂ ತಿದ್ದದೆ ಇದ್ದ ಹಾಗೆಯೇ ಇದೆ.