ಕೈ ಕೊಟ್ಟ ಹೋಲ್ಡರು

ನನ್ನ ಕೈಯಲ್ಲಿ ಸರಿಯಾಗಿ ಕೆಲಸ ಮಾಡುವ ವಸ್ತು ಇನ್ನೊಬ್ಬರ ಕೈಗೆ ಹೋದ ಕೂಡಲೇ ಕೆಟ್ಟುಹೋಗುವುದು ಹೇಗೆ? ಕಳೆದ ವರ್ಷ ಎರಡು ವಾರ ಈ ಒಂದೇ ಪ್ರಶ್ನೆ ನನ್ನ ತಲೆ ತಿಂದಿತು. ಊಟ ಸೇರುತ್ತಿರಲಿಲ್ಲ. ಬೋಗಾದಿಯಿಂದ ಹೂಟಗಳ್ಳಿಗೆ ಸ್ಕೂಟರಿನಲ್ಲಿ ಹೊರಟವಳು ಇದನ್ನೇ ಯೋಚಿಸುತ್ತ, ತಿರುಗಬೇಕಾದ ಕಡೆ ತಿರುಗದೆ ಮುಂದೆ ಹೋಗಿ ವಾಪಸು ಬಂದದ್ದೂ ಉಂಟು.

ಹೂಟಗಳ್ಳಿಯಲ್ಲಿ ಗೇಟು, ಗ್ರಿಲ್ಲು ಮಾಡುವ ಒಂದು ವರ್ಕ್‌ಶಾಪಿನಲ್ಲಿ ನಾನು ರಿಪೇರಿ ನೋಡಿಕೊಳ್ಳುತ್ತೇನೆ. ಐಟಿಐ ಓದಿದವಳು. ವೆಲ್ಡಿಂಗ್ ರಾಡನ್ನು ಕಚ್ಚಿ ಹಿಡಿಯುವ ಸಾಧನಕ್ಕೆ ನಾವು ಹೋಲ್ಡರು ಎನ್ನುತ್ತೇವೆ. ಅದರ ಲಿವರನ್ನು ಹೆಬ್ಬೆರಳಿನಿಂದ ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಒಳಗಿನ ಪುಟ್ಟ ಸ್ಪ್ರಿಂಗು ಬಾಯಿ ಮುಚ್ಚಿಸುತ್ತದೆ. ದಿನಾ ಬಿಸಿ ತಿಂದು ತಿಂದು ಆ ಸ್ಪ್ರಿಂಗು ಸೋತುಹೋಗುತ್ತದೆ. ಆಗ ರಾಡು ಅಲ್ಲಾಡುತ್ತದೆ, ಜಾರಿ ಬೀಳುತ್ತದೆ. ಪಿನ್ನು ಹೊಡೆದು ತೆಗೆದು, ಹೊಸ ಸ್ಪ್ರಿಂಗು ಕೂರಿಸಿ, ಪಿನ್ನು ಮತ್ತೆ ಬಡಿದರೆ ಮುಗಿಯಿತು. ಕಾಲು ಗಂಟೆಯ ಕೆಲಸ. ನಾನು ಹಾಕಿದ ಸ್ಪ್ರಿಂಗು ತಿರುಗಿ ಬಂದದ್ದಿಲ್ಲ ಎಂಬ ಜಂಬವೂ ನನಗಿತ್ತು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ವೆಲ್ಡರನ್ನು ಮೇಸ್ತ್ರಿ ಎನ್ನುತ್ತೇವೆ. ದೊಡ್ಡ ಗೇಟುಗಳ ಕೆಲಸ ಅವರದೇ, ಬೇರೆಯವರು ಮುಟ್ಟುವಂತಿಲ್ಲ. ಒಂದು ಬೆಳಿಗ್ಗೆ ಅವರು ತಮ್ಮ ಹೋಲ್ಡರನ್ನು ನನ್ನ ಮೇಜಿನ ಮೇಲಿಟ್ಟು, “ಕೈ ಕೊಡ್ತಾ ಅದೆ ಕಣಮ್ಮ. ರಾಡು ನಿಲ್ಲಕಿಲ್ಲ” ಎಂದರು.

ಸ್ಪ್ರಿಂಗು ಬದಲಾಯಿಸಿದೆ. ರಾಡು ಸಿಕ್ಕಿಸಿ ಎಳೆದು ನೋಡಿದೆ, ಮಿಸುಕಲಿಲ್ಲ. ಮರುದಿನ ಮೇಸ್ತ್ರಿ ಮತ್ತೆ ಬಂದರು. ಅದೇ ಮಾತು. ನಾನು ಇನ್ನೂ ಗಟ್ಟಿ ಸ್ಪ್ರಿಂಗು ಹಾಕಿದೆ. ನಾಲ್ಕನೆಯ ದಿನ ಮತ್ತೆ ಬಂದರು. ಈ ಸಲ ರಾಡು ಮೊದಲಿಗಿಂತ ಹೆಚ್ಚು ಬೀಳುತ್ತಿದೆಯಂತೆ. ನನಗೆ ರೇಗಿತು. ಅವರ ಎದುರಿಗೇ ರಾಡು ಸಿಕ್ಕಿಸಿ ಹೋಲ್ಡರನ್ನು ಮೇಜಿಗೆ ಕುಟ್ಟಿದೆ. ಬೀಳಲಿಲ್ಲ. ಅದನ್ನೇ ಅವರು ತೆಗೆದುಕೊಂಡು ಹೋಗಿ, ತಮ್ಮ ಜಾಗದಲ್ಲಿ ಕೂತು ಹೊಸ ರಾಡು ಸಿಕ್ಕಿಸಿದರು. ಬಗ್ಗುವಷ್ಟರಲ್ಲಿ ರಾಡು ಟಣ್ಣೆಂದು ನೆಲಕ್ಕೆ ಬಿತ್ತು. ಇಬ್ಬರೂ ಅದನ್ನೇ ನೋಡಿದೆವು.

ನಾನು ರಾಡನ್ನು ಅನುಮಾನಿಸಿದೆ, ಪಿನ್ನನ್ನು ಅನುಮಾನಿಸಿದೆ. ಕೊನೆಗೆ ಬನ್ನಿಮಂಟಪದಲ್ಲಿ ನಾವು ಸ್ಪ್ರಿಂಗು ಕೊಳ್ಳುವ ಅಂಗಡಿಗೆ ಹೋಗಿ ಅಂಗಡಿಯವರನ್ನೇ ತರಾಟೆಗೆ ತೆಗೆದುಕೊಂಡೆ. “ಎಲ್ರೂ ಇದನ್ನೇ ತಗೊಂಡೋಗ್ತಾರೆ ಕಣ್ರೀ. ನಿಮ್ಮೊಬ್ರಿಗೇ ಯಾಕೆ ಹಿಂಗೆ?” ಎಂದರು ಅವರು. ಅವರಲ್ಲಿದ್ದ ಅತಿ ಗಟ್ಟಿ ಸ್ಪ್ರಿಂಗು ತಂದು ಹಾಕಿದೆ. ಒತ್ತಿದರೆ ನನ್ನ ಹೆಬ್ಬೆರಳೇ ನೋಯುವಂತಿತ್ತು. ಮೇಸ್ತ್ರಿಯ ಕೈಯಲ್ಲಿ ರಾಡು ಆಗಲೂ ನಿಲ್ಲಲಿಲ್ಲ.

ಎರಡನೆಯ ವಾರದ ಶುಕ್ರವಾರ ಯಜಮಾನರು ನನ್ನ ಮೇಜಿನ ಬಳಿ ಬಂದರು. ಮೇಸ್ತ್ರಿಯೂ ಅಲ್ಲೇ ನಿಂತಿದ್ದರು. “ಗೇಟಿನ ಕೆಲಸ ನಿಂತೋಗಿದೆ. ನಿಜ ಹೇಳಮ್ಮ, ತಪ್ಪು ಹೋಲ್ಡರ್‌ದಾ, ಇವರ್ದಾ?”

“ಹೋಲ್ಡರ್‌ದು ಏನೂ ತಪ್ಪಿಲ್ಲ ಸಾರ್. ಸ್ಪ್ರಿಂಗ್ ನಾನೇ ಹಾಕಿದ್ದೀನಿ,” ಎಂದುಬಿಟ್ಟೆ.

“ಹಾಗಾದ್ರೆ ಸೋಮವಾರದಿಂದ ಗೇಟು ಬೇರೆಯವರು ಮಾಡ್ಲಿ. ಮೇಸ್ತ್ರಿ, ನೀವು ಪೇಂಟಿಂಗ್ ಕಡೆ ಹೋಗಿ,” ಎಂದು ಅವರು ಹೊರಟುಹೋದರು. ಮೇಸ್ತ್ರಿ ವಾದ ಮಾಡಲಿಲ್ಲ. ನನ್ನ ಮೇಲೆ ಸಿಟ್ಟನ್ನೂ ಮಾಡಲಿಲ್ಲ. ಅದು ನನಗೆ ಇನ್ನೂ ಗೋಜಲಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ನೀರಿನ ಬಾಟಲಿಯನ್ನು ಬಲಗಂಕುಳಲ್ಲಿ ಅವುಚಿಕೊಂಡು ಎಡಗೈಯಿಂದ ಮುಚ್ಚಳ ತಿರುಗಿಸುತ್ತಿದ್ದರು. ಬಲಗೈ ಸುಮ್ಮನೆ ತೊಡೆಯ ಮೇಲಿತ್ತು. ಆಮೇಲೆ ಅದೇ ಬಲಗೈಯಿಂದ ಮುದ್ದೆ ಮುರಿದರು, ಆದರೆ ಹೆಬ್ಬೆರಳನ್ನು ಮಡಚಲೇ ಇಲ್ಲ. ನಾನು ತಿನ್ನುವುದನ್ನು ನಿಲ್ಲಿಸಿ ನೋಡುತ್ತ ಕೂತೆ.

‘ಕೈ ಕೊಡ್ತಾ ಅದೆ’ ಎಂದಿದ್ದರು ಅವರು. ಯಾವುದು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೋಲ್ಡರು ಮುಂದಿತ್ತು, ಹೋಲ್ಡರು ಅಂದುಕೊಂಡೆ. ಕೈಯೇ ಕೈ ಕೊಡುತ್ತಿದೆ ಎಂದು ಯಾರಾದರೂ ಯಾಕೆ ಅಂದುಕೊಳ್ಳುತ್ತಾರೆ? ಅವರ ಬೆರಳಿಗೆ ಲಿವರು ಪೂರ್ತಿ ಒತ್ತಲು ಆಗುತ್ತಿರಲಿಲ್ಲ. ಅರ್ಧ ತೆರೆದ ಬಾಯಿಯಲ್ಲಿ ರಾಡು ತುದಿಗಷ್ಟೇ ಸಿಕ್ಕಿ ಬೀಳುತ್ತಿತ್ತು. ನಾನು ಒಂದಕ್ಕಿಂತ ಒಂದು ಗಟ್ಟಿ ಸ್ಪ್ರಿಂಗು ಹಾಕಿ ಆ ಬಾಯಿಯನ್ನು ಅವರಿಗೆ ಇನ್ನಷ್ಟು ಮುಚ್ಚಿಸಿದ್ದೆ. ರಿಪೇರಿ ಎಂದುಕೊಂಡು ಇಷ್ಟು ದಿನ ಮಾಡಿದ್ದು ಅದನ್ನೇ.

ಊಟ ಬಿಟ್ಟು ಎದ್ದೆ. ಪೆಟ್ಟಿಗೆಯಲ್ಲಿದ್ದ ಅತಿ ಮೆತ್ತಗಿನ ಸ್ಪ್ರಿಂಗು ಹುಡುಕಿ ಹಾಕಿದೆ. ಅದರ ಹಿಡಿತ ಸಾಲದು ಎಂದು ಗೊತ್ತಿತ್ತು, ಅದಕ್ಕೆ ರಾಡು ಕೂರುವ ಕಚ್ಚನ್ನು ಅರದಿಂದ ಉಜ್ಜಿ ಆಳ ಮಾಡಿದೆ. ಒಂದು ಬೆರಳಿಗೆ ಬಾಯಿ ತೆರೆಯಿತು, ರಾಡೂ ನಿಂತಿತು. ಆದರೆ ಮಾಡುತ್ತಿರುವುದು ಸರಿಯೋ ತಪ್ಪೋ ತಿಳಿಯಲಿಲ್ಲ. ನೋಯುವ ಕೈಗೆ ಕೆಲಸ ಸುಲಭ ಮಾಡಿಕೊಡುವುದು ಉಪಕಾರವೋ, ಆ ಕೈಯನ್ನು ಇನ್ನಷ್ಟು ಹಾಳು ಮಾಡುವುದೋ? ಯಾರನ್ನು ಕೇಳಲಿ? ಕೇಳಿದರೆ ಅವರ ಗುಟ್ಟು ಬಯಲಾಗುತ್ತದೆ.

ಯಜಮಾನರ ಹತ್ತಿರ ಹೋಗಿ, “ತಪ್ಪು ನಂದೇ ಸಾರ್. ಗಟ್ಟಿ ಸ್ಪ್ರಿಂಗ್ ಹಾಕಿದ್ದೆ, ಈಗ ಸರಿ ಮಾಡಿದ್ದೀನಿ” ಎಂದೆ. ಅವರು ನನಗೆ ನಾಲ್ಕು ಮಾತು ಬೈದು, ಗೇಟನ್ನು ಮೇಸ್ತ್ರಿಗೇ ಬಿಟ್ಟರು.

ಸೋಮವಾರ ಸಂಜೆಯವರೆಗೆ ಅವರ ರಾಡು ಒಮ್ಮೆಯೂ ಬೀಳಲಿಲ್ಲ. ಕೆಲಸ ಮುಗಿಸಿ ಅವರು ನನ್ನ ಮೇಜಿನ ಬಳಿ ಬಂದು ಸ್ಟೂಲಿನ ಮೇಲೆ ಕೂತರು.

“ನಿಂಗೆ ಗೊತ್ತಾಗೋಯ್ತು ಅಲ್ವಾ?”

ತಲೆಯಾಡಿಸಿದೆ. “ಆಸ್ಪತ್ರೆಗೆ ತೋರಿಸಿದ್ರಾ ಮೇಸ್ತ್ರಿ?”

“ತೋರ್ಸ್ದೆ. ಕೆಲ್ಸ ಬುಟ್ಬುಡಿ ಅಂದ್ರು.” ಅವರು ಹೋಲ್ಡರಿನ ಲಿವರನ್ನು ನಿಧಾನವಾಗಿ ಒತ್ತಿ ಬಿಟ್ಟರು. “ಈ ಸ್ಪ್ರಿಂಗು ಎಷ್ಟು ದಿನ ಬತ್ತದಮ್ಮ?”

ಇದು ನನಗೆ ಗೊತ್ತಿದ್ದ ಲೆಕ್ಕ. “ಮೆತ್ತಗಿನದು ಮೇಸ್ತ್ರಿ. ಹೆಚ್ಚಂದ್ರೆ ಆರು ತಿಂಗಳು.”

“ಆರು ತಿಂಗ್ಳಾ,” ಎಂದು ಅವರು ಬಲಗೈಯ ಹೆಬ್ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡರು. “ಅಷ್ಟು ದಿನ ಇದು ಬರಕಿಲ್ಲ ಕಣಮ್ಮ.”