ಇಬ್ಬರಿಗೂ ಒಂದಽ ಬೇಡಿ

ಎಪ್ಪತ್ತರ ದಶಕದ ಮಾತು, ನಾ ಆಗ ಹೊಸ ಪೊಲೀಸ. ಕಳ್ಳಬಟ್ಟಿ ಸೆರೆ ಕಾಸುವಾಗ ಸಿಕ್ಕ ಒಬ್ಬಾಂವನ್ನ ಬಬಲೇಶ್ವರದಿಂದ ಬಸ್ಸಿನ್ಯಾಗ ಬಿಜಾಪುರ ಜೇಲಿಗೆ ಒಯ್ಯಾಕತ್ತಿದ್ದೆ. ಅವನ ಬಲಗೈಗೂ ನನ್ನ ಎಡಗೈಗೂ ಒಂದಽ ಬೇಡಿ. ದಾರ್ಯಾಗ ಬಿಚ್ಚಬಾರದಂತ ಹುಕುಂ ಇತ್ತು.

ನಡುವ ಒಬ್ಬ ಮುದುಕಿ ಬಸ್ ಹತ್ತಿದಳು.

"ನಮ್ಮ ಸ್ವಾದರತ್ತಿರಿ ಸಾಹೇಬ್ರ, ಕಾಲ ಬೀಳಬೇಕು," ಅಂತ ಕೈದಿ ಬಗ್ಗೇ ಬಿಟ್ಟ. ಅವನ ಕೈ ಹಿಂದ ನನ್ನ ಕೈ ಹೋತು, ಕೈ ಹಿಂದ ನಾನೂ ಬಗ್ಗಿದೆ.

ಮುದುಕಿ ಟೊಪಗಿ ಸರಿಸಿ ನನ್ನ ತಲಿ ಮ್ಯಾಲೂ ಕೈ ಇಟ್ಟಳು. "ಇಬ್ಬರೂ ಲಗೂನ ಬಿಡುಗಡಿ ಆಗ್ರೆಪಾ."

"ಆಯಿ, ನಾ ಪೊಲೀಸದಾಂವ," ಅಂದೆ.

"ಹೌದ? ಮತ್ತ ನಿನಗ್ಯಾಕ ಬೇಡಿ ಹಾಕ್ಯಾರ?"

ಆಂವ ಆರು ತಿಂಗಳಿಗೆ ಹೊರಗ ಬಂದ. ನನಗ ಆಕಿ ಆಶೀರ್ವಾದ ಹತ್ತಿದ್ದು ಪಿಂಚಣಿ ಆದ ದಿನ.