ಬಜಪೆಗೆ ಒಂದು ಸೀಟು ಕಡಿಮೆ

1974ರ ಮೇ ತಿಂಗಳು. ಧಾರವಾಡದವನಾದ ನಾನು ಆಗ ಮುಂಬಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಫ್ಲೈಟ್ ಡಿಸ್ಪ್ಯಾಚರ್ ಆಗಿದ್ದೆ. ವಿಮಾನಕ್ಕೆ ಎಷ್ಟು ಇಂಧನ ಬೇಕು, ಅದು ಎಷ್ಟು ಭಾರ ಹೊತ್ತೀತು, ಯಾವಾಗ ತಲುಪೀತು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಮಂಗಳೂರಿನ ಬಜಪೆ ನಿಲ್ದಾಣ ಆಕಾಶಮಾರ್ಗದಲ್ಲಿ ಸುಮಾರು ಏಳುನೂರು ಕಿಲೋಮೀಟರ್ ದೂರ. ನಮ್ಮ ಸಣ್ಣ ಟರ್ಬೋಪ್ರಾಪ್ ವಿಮಾನಕ್ಕೆ ಎರಡು ಗಂಟೆಗೂ ಕಡಿಮೆ ಹಾದಿ. ಆದರೆ ಅಲ್ಲಿ ಕತ್ತಲಲ್ಲಿ ಇಳಿಯುವ ವ್ಯವಸ್ಥೆ ಇರಲಿಲ್ಲ. ಸೂರ್ಯ ಮುಳುಗುವ ಮೊದಲೇ ಚಕ್ರ ನೆಲ ಮುಟ್ಟಬೇಕಿತ್ತು.

ಆ ಮಧ್ಯಾಹ್ನ ಟೈರ್ ಬದಲಿಸುವುದರಲ್ಲಿ ತಡವಾಯಿತು. ಜೊತೆಗೆ ಜೋರು ಎದುರುಗಾಳಿ. ಬಜಪೆಯಲ್ಲಿ ಇಳಿಯಲಾಗದಿದ್ದರೆ ಬೆಂಗಳೂರಿಗೆ ಹೋಗುವಷ್ಟು ಇಂಧನ ಇರಲಿ ಎಂದರು ಕ್ಯಾಪ್ಟನ್. ಇಂಧನ ಏರಿದರೆ ಉಳಿದ ಭಾರ ಇಳಿಯಬೇಕು. ಸರಕನ್ನೆಲ್ಲ ಇಳಿಸಿದರೂ ಒಬ್ಬ ಪ್ರಯಾಣಿಕರು ಹೆಚ್ಚಾದರು. ಎಲ್ಲರಿಗಿಂತ ಕೊನೆಯಲ್ಲಿ ಟಿಕೆಟ್ ಕೊಂಡವರನ್ನು ಬಿಟ್ಟು ಹೋಗುವುದು ನಿಯಮ. ಆ ಹೆಸರು ಶೇಖರ. ಫೋರ್ಟಿನ ಉಡುಪಿ ಹೋಟೆಲೊಂದರ ಮ್ಯಾನೇಜರ್.

ವಿಷಯ ತಿಳಿಸಲು ನಾನೇ ಲಾಂಜಿಗೆ ಹೋದೆ. ಅವನ ಮುಖ ಬಿಳಿಚಿಕೊಂಡಿತು.

"ಸಾರ್, ನಾಳೆ ಬೆಳಿಗ್ಗೆ ನಂದೇ ಮದುವೆ. ಬಸ್ಸಿನವರ ಸ್ಟ್ರೈಕ್ ಇಲ್ಲದಿದ್ರೆ ನಿನ್ನೆಯೇ ಹೋಗ್ತಿದ್ದೆ."

ಪಕ್ಕದಲ್ಲಿ ಅವನ ದೊಡ್ಡಮ್ಮ ಗಿರಿಜಮ್ಮ ಕೂತಿದ್ದರು. ತಾಯಿಯಿಲ್ಲದ ಅವನನ್ನು ಘಾಟ್ಕೋಪರಿನ ಚಾಳಿನಲ್ಲಿ ಸಾಕಿ ಬೆಳೆಸಿದವರು. ಅವರು ಎದ್ದು ನಿಂತರು.

"ನನ್ನ ಸೀಟು ತೆಗೀರಿ ಮಾರಾಯ್ರೆ. ಮದುಮಗ ಇಲ್ಲದೆ ಮದುವೆ ಆಗುದುಂಟಾ?"

"ನೀವಿಲ್ಲದೆ ನಾನು ಹೋಗುದಿಲ್ಲ, ದೊಡ್ಡಮ್ಮ."

"ಹೋಗು ಮಾರಾಯ! ಅಲ್ಲಿ ಒಂದು ಹುಡುಗಿ ಮದರಂಗಿ ಹಾಕಿಕೊಂಡು ಕೂತಿದ್ದಾಳೆ."

ಅವನು ಅವರ ಕಾಲಿಗೆರಗಿ, ಕಣ್ಣೊರೆಸಿಕೊಂಡು ಓಡಿದ.

ವಿಮಾನ ಹೊರಟಿತು. ಗಿರಿಜಮ್ಮ ಮನೆಗೆ ಹೋಗಲೊಪ್ಪದೆ ನಮ್ಮ ಆಫೀಸಿನ ಬಾಗಿಲ ಬಳಿ ಕೂತರು. "ಈಗ ಎಲ್ಲಿಗೆ ಮುಟ್ಟಿರಬಹುದು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

"ಗೋವಾ ದಾಟ್ಯದ್ರೀ ಅಮ್ಮಾ," ಎಂದೆ. ಆದರೆ ಗಾಳಿ ನನ್ನ ಅಂದಾಜಿಗಿಂತ ಬಲವಾಗಿತ್ತು. ವಿಮಾನ ಹಿಂದೆ ಬೀಳುತ್ತಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ವಿಮಾನ ಬೆಂಗಳೂರಿಗೆ ಹೋಗಿ ಅವನಿಗೂ ಮದುವೆ ತಪ್ಪಿದರೆ ಈ ತಾಯಿ ಸೀಟು ಬಿಟ್ಟುಕೊಟ್ಟು ಏನು ಬಂತು?

ಕಿಟಕಿಯಾಚೆ ಬಿಸಿಲು ಕೆಂಪಾಗುತ್ತಿದ್ದಾಗ ಬಜಪೆಯಿಂದ ಸಂದೇಶ ಬಂತು. ನಾನು ಹೊರಗೆ ಓಡಿದೆ. "ಇಳೀತ್ರೀ ಅಮ್ಮಾ, ಇಳೀತು!"

ಅಷ್ಟು ಹೊತ್ತು ಗಟ್ಟಿಯಾಗಿದ್ದ ಗಿರಿಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಅಂದು ಅವರನ್ನು ನಮ್ಮ ಮನೆಗೇ ಕರೆದೊಯ್ದೆ. ಮರುದಿನ ಮುಹೂರ್ತದ ಹೊತ್ತಿಗೆ ಅವರು ಸ್ನಾನ ಮಾಡಿ, ಮದುವೆಗೆಂದು ತಂದಿದ್ದ ರೇಷ್ಮೆ ಸೀರೆಯುಟ್ಟು, ಬಾಲ್ಕನಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಅಕ್ಷತೆ ಹಾಕಿದರು. ನನ್ನ ಹೆಂಡತಿಯೂ ಹಾಕಿದಳು. ಮಧ್ಯಾಹ್ನದ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಕೊಡಿಸಿ ಅವರನ್ನು ಮದುಮಕ್ಕಳ ಬಳಿಗೆ ಕಳಿಸಿದೆ.

ನಿವೃತ್ತನಾಗುವವರೆಗೂ ಅಂಥ ಸಂದರ್ಭಗಳು ಮತ್ತೆಷ್ಟೋ ಬಂದವು. ಆದರೆ ಯಾರನ್ನು ಬಿಡಬೇಕೆಂಬುದನ್ನು ನಾನು ಮೇಜಿನ ಮುಂದೆ ಕೂತು ತೀರ್ಮಾನಿಸಲಿಲ್ಲ. ಮೊದಲು ಲಾಂಜಿಗೆ ಹೋಗಿ ಕಷ್ಟವನ್ನು ಎಲ್ಲರ ಮುಂದಿಡುತ್ತಿದ್ದೆ. ಹೆಚ್ಚಿನ ಸಲ ಯಾರಾದರೊಬ್ಬರು ತಾವಾಗಿಯೇ ಎದ್ದು ನಿಲ್ಲುತ್ತಿದ್ದರು.